ಪುಸ್ತಕಗಳನ್ನು ಫೇಲು ಮಾಡಿದವಳು

ಜನ ಪರೀಕ್ಷೆಯಲ್ಲಿ ಫೇಲಾಗುವುದನ್ನು ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ. ಆದರೆ ಪರೀಕ್ಷೆಗೆ ಕೂಡುವ ಮೊದಲೇ ಪುಸ್ತಕಗಳನ್ನು ಒಂದೊಂದಾಗಿ ಫೇಲು ಮಾಡಿ ಮೂಲೆಗೆ ಕೂಡಿಸಿದವರನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ಅಷ್ಟೇ ಅಲ್ಲ, ಅವಳ ಜೊತೆ ಒಂದೇ ಒಲೆಯ ಮುಂದೆ ಕೂತು ರೊಟ್ಟಿ ಬಡಿದಿದ್ದೇನೆ. ಅವಳು ನನ್ನ ಗಂಡನ ಅಕ್ಕ. ನಾನೂ ಅಕ್ಕ ಎಂದೇ ಕರೆಯುತ್ತಿದ್ದೆ. ನಮ್ಮ ಸಂಸ್ಥಾನದಲ್ಲಿ ಇಷ್ಟೊಂದು ಪಂಡಿತರನ್ನು ಅಡಿಗೆಮನೆಯಲ್ಲಿ ಕೂತು ಸೋಲಿಸಿದ ಹೆಂಗಸು ಇನ್ನೊಬ್ಬಳು ಇರಲಿಕ್ಕಿಲ್ಲ!

ಅವಳು ಹೋಗಿ ಇನ್ನೂ ವರ್ಷ ತುಂಬಿಲ್ಲ. ಸತ್ತವರ ಬಗ್ಗೆ ನಗೆಯ ಮಾತು ಬರೆಯಬಾರದು ಎನ್ನುವವರಿದ್ದಾರೆ. ಅಂಥವರು ನಮ್ಮ ಅಕ್ಕನ ಜೊತೆ ಒಂದು ದಿನ ಇದ್ದು ನೋಡಬೇಕಿತ್ತು. ಗಂಭೀರವಾಗಿ ಬರೆಯೋಣ ಎಂದು ಕೂತಾಗಲೆಲ್ಲ ಅವಳೇ ಹಿಂದೆ ನಿಂತು, "ಏನಬೇ ಇದು, ಮಾಮಲೇದಾರರಿಗೆ ಅರ್ಜಿ ಬರದಂಗ ಬರದೀ?" ಎಂದಂತಾಗುತ್ತದೆ. ಹಾಳೆ ಹರಿದುಹಾಕುತ್ತೇನೆ. ಹೀಗಾಗಿ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ. ನಗು ಬಂದರೆ ನಗಿರಿ. ನನಗೆ ಈಗ ಅಷ್ಟು ಬರುವುದಿಲ್ಲ.

ನಮ್ಮ ಮನೆ ಜಮಖಂಡಿಯಲ್ಲಿ. ಮಾವನವರು ಬನಹಟ್ಟಿಯ ನೇಕಾರರಿಂದ ಸೀರೆ ತಂದು ಮಾರುತ್ತಿದ್ದರು. ಅವರ ನಂತರ ನಮ್ಮ ಮನೆಯವರು ಅದೇ ಅಂಗಡಿ ನಡೆಸಿದರು. ಅಕ್ಕನನ್ನು ತೇರದಾಳಕ್ಕೆ ಕೊಟ್ಟಿದ್ದರು. ಗಂಡ ಬೇಗ ತೀರಿಕೊಂಡ, ಮಕ್ಕಳಿರಲಿಲ್ಲ. ಗಂಡನ ಅಣ್ಣನ ದೊಡ್ಡ ಸಂಸಾರಕ್ಕೆ ರೊಟ್ಟಿ ಬಡಿಯುತ್ತ ಇದ್ದವಳು ನನ್ನ ಚೊಚ್ಚಲ ಹೆರಿಗೆಗೆಂದು ನಮ್ಮಲ್ಲಿಗೆ ಬಂದಳು. ನನಗೆ ತವರು ಎಂಬುದು ಉಳಿದಿರಲಿಲ್ಲ.

ಆ ಹೆರಿಗೆಯ ಬಗ್ಗೆ ಹೆಚ್ಚು ಬರೆಯಲಾರೆ. ಕೋಣೆ ತುಂಬ ಹೆಂಗಸರಿದ್ದರು. ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಕೂಸು ಅಡ್ಡ ನಿಂತಿತ್ತು. ಉಳಿಯಲಿಲ್ಲ. ಹಗಲಲ್ಲೂ ಕತ್ತಲೆಯಾಗಿದ್ದ ಆ ಕೋಣೆಯಲ್ಲಿ ಅಕ್ಕ ದೀಪ ಹಿಡಿದು ನಿಂತಿದ್ದಳು. ಅವಳಿಗೆ ಬರುತ್ತಿದ್ದ ಕೆಲಸ ಅದೊಂದೇ.

ನಾನು ಎದ್ದು ಓಡಾಡುವಂತಾದ ಮೇಲೆ ತೇರದಾಳದ ಗಾಡಿ ಬಂತು. ಅಕ್ಕ ಹತ್ತಲಿಲ್ಲ. ನೇರ ದವಾಖಾನೆಗೆ ಹೋಗಿ ಡಾಕ್ಟರಬಾಯಿಯ ಮುಂದೆ ನಿಂತು, "ನನಗ ದೀಪಾ ಹಿಡಿಯೂದ ಬಿಟ್ಟು ಬ್ಯಾರೇ ಏನರ ಕಲಸ್ರಿ" ಎಂದಳಂತೆ. ಡಾಕ್ಟರಬಾಯಿ ಮೊದಲು ಕಸಬರಿಗೆ ಕೊಟ್ಟರು. ಆಮೇಲೆ ಬಟ್ಟೆ ಕುದಿಸಲು ಕೊಟ್ಟರು. ಆಮೇಲೆ ಮೆಲ್ಲಗೆ ಹೆರಿಗೆ ಕೋಣೆಯ ಬಾಗಿಲು ತೆರೆದರು. ಹಾಗೆ ಕೆಲವು ವರ್ಷ ನಡೆಯಿತು. ಅಷ್ಟರಲ್ಲಿ ಹೊಸ ಕಾಯದೆ ಬಂತು: ಪರೀಕ್ಷೆ ಪಾಸಾಗಿ ಸನದು ಪಡೆಯದವರು ಇನ್ನು ಬಾಣಂತಿಯರನ್ನು ಮುಟ್ಟುವಂತಿಲ್ಲ. ಪರೀಕ್ಷೆ ಪುಣೆಯಲ್ಲಿ. ಅದೂ ಮರಾಠಿಯಲ್ಲಿ. ಮರಾಠಿ ಮಾತು ಅಕ್ಕನಿಗೆ ದವಾಖಾನೆಯಲ್ಲಿ ಬಂದಿತ್ತು, ಸಾಲಿಯಲ್ಲಿ ಕಲಿತ ಓದು ನನಗೊಬ್ಬಳಿಗೇ ಬರುತ್ತಿತ್ತು.

ಈ ಸುದ್ದಿ ನಮಗಿಂತ ಮೊದಲು ತೇರದಾಳಕ್ಕೆ ಮುಟ್ಟಿತ್ತು. ಅಕ್ಕನ ಭಾವ, ಅಂದರೆ ಗಂಡನ ಅಣ್ಣ, ಗಾಡಿ ಕಟ್ಟಿಕೊಂಡು ಬಂದರು. ಕೆಟ್ಟ ಮನುಷ್ಯರಲ್ಲ. ಮಾತು ಕಡಿಮೆ, ಆಡಿದರೆ ಒಡೆದ ತೆಂಗಿನಕಾಯಿಯಂತೆ ಎರಡೇ ಹೋಳು.

"ನಮ್ಮವ್ವ ಹಾಸಿಗಿ ಹಿಡದಾಳ. ಮನ್ಯಾಗ ನೋಡಾವರಿಲ್ಲ. ನೀ ಇಲ್ಲಿ ಊರ ಮಂದಿ ಬಾಣಂತನಾ ಮಾಡಕೋತ ಕುಂತರ ಹ್ಯಾಂಗ?"

"ಪರೀಕ್ಷಾ ಕಟ್ಟತೇನ್ರಿ ಭಾವಾರ."

"ಕಟ್ಟು. ಪಾಸಾದಿ ಅಂದ್ರ ನಿನ್ನ ಹಾದಿ ನಿನಗ, ನಾ ಒಂದ ಮಾತ ಆಡೂದಿಲ್ಲ. ಫೇಲಾದಿ ಅಂದ್ರ ಗಾಡಿ ಹತ್ತಬೇಕು."

"ಆತ್ರಿ. ಫೇಲಾದ್ರ ಎತ್ತ ನಾನs ಹೂಡತೇನಿ."

ಭಾವ ನಗುತ್ತ ಹೋದರು. ನಲವತ್ತರ ಹತ್ತಿರ ಬಂದ ಹೆಂಗಸು, ಕನ್ನಡ ಸಾಲಿಯ ಮೆಟ್ಟಿಲನ್ನೇ ಪೂರ್ತಿ ಹತ್ತದವಳು, ಪುಣೆಯಲ್ಲಿ ಪಾಸಾಗುತ್ತಾಳೆಂದರೆ ಎತ್ತುಗಳೂ ನಗುತ್ತಿದ್ದವೇನೋ! ಅಕ್ಕ ಮಾತ್ರ ಒಳಗೆ ಬಂದು ನನಗೆ ಹೇಳಿದಳು: "ತಂಗೀ, ನೀ ಓದು, ನಾ ಕೇಳತೇನಿ. ಮೊದಲ ಪುಸ್ತಕಾ ಆರಸೂಣು."

ಇಲ್ಲಿಂದ ನಮ್ಮ ಮನೆಯ ಕಷ್ಟ ಶುರುವಾಯಿತು.

ನೀವು ಪುಸ್ತಕವನ್ನು ಹೇಗೆ ಆರಿಸುತ್ತೀರಿ? ಹೆಸರು ನೋಡುತ್ತೀರಿ, ಬರೆದವರು ಯಾರೆಂದು ನೋಡುತ್ತೀರಿ, ಮೊದಲ ಪುಟ ಓದುತ್ತೀರಿ. ಅಕ್ಕ ಸೀರೆ ವ್ಯಾಪಾರಿಯ ಮಗಳು. ಬನಹಟ್ಟಿಯಿಂದ ಸೀರೆಗಳ ಗಂಟು ಬಂದಾಗ ಮಾವನವರು ಎಂದೂ ಸೆರಗು ನೋಡುತ್ತಿರಲಿಲ್ಲವಂತೆ. ಮಡಿಕೆಯ ಒಳಗೆ ಕೈ ಹಾಕಿ, ನಡುವಿನ ಒಡಲನ್ನು ಎಳೆದು, ಬೆಳಕಿಗೆ ಹಿಡಿದು ನೋಡುತ್ತಿದ್ದರಂತೆ. ಅಕ್ಕ ಪುಸ್ತಕಕ್ಕೂ ಅದನ್ನೇ ಮಾಡಿದಳು.

"ಸೆರಗ ಎಲ್ಲಾರೂ ಛಲೋನs ನೇಯತಾರ. ಮೋಸಾ ಇರೂದು ಒಡಲಾಗ" ಎಂದು ಪುಸ್ತಕದ ಹೊಟ್ಟೆಗೆ ಹೆಬ್ಬೆರಳು ಹಾಕಿ ಸೀಳುತ್ತಿದ್ದಳು. ಬಿದ್ದ ಪುಟವನ್ನು ನಾನು ಓದಬೇಕು. ಮೊದಲ ಪುಟಗಳ ಕಡೆ ಹೊರಳಿಯೂ ನೋಡುವಂತಿಲ್ಲ. "ಹೆಸರಾದರೂ ಓದತೇನ್ರಿ ಅಕ್ಕಾರ" ಎಂದರೆ, "ಹೆಸರ ಕಟಗೊಂಡ ಏನ ಮಾಡ್ತಿ? ಹೆರೂದು ಹೆಸರಲ್ಲ" ಎನ್ನುತ್ತಿದ್ದಳು.

ಮೊದಲು ಫೇಲಾದದ್ದು ಡಾಕ್ಟರಬಾಯಿಯ ಇಂಗ್ಲಿಷ್ ಪುಸ್ತಕ. ಹೆಡಿಗೆಯಷ್ಟು ಭಾರ. ತಾವೇ ಮರಾಠಿಯಲ್ಲಿ ತಿಳಿಸಿ ಹೇಳುತ್ತೇನೆಂದು ಪಾಪ, ಅವರೇ ಮನೆಗೆ ಕಳಿಸಿದ್ದರು. ಅಕ್ಕ ನಡುವೆ ತೆರೆದಳು. ಒಂದು ಚಿತ್ರ. ಬಸುರಿಯ ಹೊಟ್ಟೆಯನ್ನು ಹೋಳು ಮಾಡಿ ತೋರಿಸಿದ್ದರು. ಕೂಸು ಇತ್ತು, ಕರುಳು ಇತ್ತು. ಕುತ್ತಿಗೆಯಿಂದ ಮೇಲೆ ಮಾತ್ರ ಏನೂ ಇರಲಿಲ್ಲ. ಮರುದಿನ ಪುಸ್ತಕವನ್ನು ಹೊತ್ತು ವಾಪಸು ಹೋದಳು.

"ಬಾಯಾರ, ಇಕೀಗಿ ಮುಖಾನs ಇಲ್ಲಲ್ರೀ! ಬ್ಯಾನಿ ಎಷ್ಟ ಬಂದಾವಂತ ನಾ ಎಲ್ಲೆ ನೋಡ್ಲಿ?"

ಡಾಕ್ಟರಬಾಯಿ ಕನ್ನಡಕದ ಮೇಲಿಂದ ನೋಡಿ, "ಪುಣೆಯೊಳಗ ಅವರು ನಿನ್ನ ಮುಖಾ ನೋಡಿ ಮಾರ್ಕ ಕೊಡೂದಿಲ್ಲ ಬಾಯಿ. ಕರುಳು ಎಲ್ಲಿ ಅದ ಅಂತ ಕೇಳ್ತಾರ. ಹೇಳು, ಎಲ್ಲಿ ಅದ?" ಎಂದರು. ಅಕ್ಕನಿಗೆ ಗೊತ್ತಿರಲಿಲ್ಲ. ಆದರೂ ಪುಸ್ತಕವನ್ನು ಮಾತ್ರ ಪಾಸು ಮಾಡಲಿಲ್ಲ!

ಎರಡನೆಯದು ಮರಾಠಿಯ ದೊಡ್ಡ ವೈದ್ಯರೊಬ್ಬರು ಬರೆದದ್ದು. ಇದರ ಪರೀಕ್ಷೆ ನಡೆದದ್ದು ನಮ್ಮ ಪಡಸಾಲೆಯಲ್ಲಿ. ಓಣಿಯ ಹೆಂಗಸರು ರಾಟೆ ತಂದುಕೊಂಡು ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತ ಅಲ್ಲಿಯೇ ಕೂಡುತ್ತಿದ್ದರು. ನಾನು ಮರಾಠಿ ಓದಿ ಕನ್ನಡದಲ್ಲಿ ಹೇಳಿದೆ: "ಬಾಣಂತಿಗೆ ದಿನಾ ಹಾಲು, ತುಪ್ಪ, ಹಣ್ಣು ಕೊಡಬೇಕು. ಅವಳ ಮನಸ್ಸಿಗೆ ನೋವಾಗುವ ಮಾತು ಆಡಬಾರದು. ಯಾವ ಭಾರವನ್ನೂ ಎತ್ತಿಸಬಾರದು."

ರಾಟೆಗಳು ಒಮ್ಮೆಲೇ ನಿಂತವು. ಎದುರುಮನೆಯ ಮುದುಕಿ ಕೇಳಿದಳು: "ಎಲ್ಲೀ ಊರಬೇ ಅದು? ಆ ಊರಿಗಿ ನಮ್ಮ ಹುಡುಗೀನ ಕೊಡೂಣಂತ."

ಅವಳ ಸೊಸೆ ತಲೆ ತಗ್ಗಿಸಿಯೇ ಹೇಳಿದಳು: "ಅತ್ತಿ, ಮೊದಲ ನೀವs ಒಂದ ಸಲಾ ಆ ಪುಟಾ ಕೇಳಿಸಿಕೊಳ್ರಿ. ಇನ್ನೊಮ್ಮಿ ಓದ್ರೆವಾ, ಅತ್ತೀಗಿ ಕಿವಿ ಮಂದ."

ಪಡಸಾಲೆಯಲ್ಲಿ ನಗೆಯೋ ನಗೆ. ಆ ಸೊಸೆ ಅಂದು ಸಂಜೆ ಏನು ಅನುಭವಿಸಿದಳೋ, ಗೊತ್ತಿಲ್ಲ. ಪುಸ್ತಕವಂತೂ ಫೇಲಾಯಿತು. "ಇವರು ಬಾಣಂತೀನ ಅರಮನ್ಯಾಗ ನೋಡ್ಯಾರ. ನಾ ಹೋಗೂದು ಗುಡಸಲಕ್ಕ" ಎಂದಳು ಅಕ್ಕ.

ದಿನ ಕಳೆಯುತ್ತಿದ್ದವು. ನಮ್ಮ ಮನೆಯವರಿಗೆ ಒಳಗೊಳಗೇ ಹೆದರಿಕೆ. ಬೆಳಗಾವಿಗೆ ಹೋದವರು ಒಂದು ತೆಳ್ಳನೆಯ ಪುಸ್ತಕ ಹಿಡಿದುಕೊಂಡು ಬಂದರು. ಬರೀ ಪ್ರಶ್ನೆ, ಬರೀ ಉತ್ತರ. ಇದನ್ನು ಬಾಯಿಪಾಠ ಮಾಡಿದವರು ಪಾಸಾಗುತ್ತಾರೆಂದು ಅಂಗಡಿಯವನು ಆಣೆ ಇಟ್ಟು ಹೇಳಿದ್ದನಂತೆ. ಅಕ್ಕ ನಡುವೆ ತೆರೆದಳು, ಮುಚ್ಚಿದಳು.

"ತಮ್ಮಾ, ಇದಕ ಒಡಲs ಇಲ್ಲೋ. ಬರೇ ಸೆರಗು."

ನಮ್ಮ ಮನೆಯವರು ಎಂದೂ ದನಿ ಏರಿಸದವರು, ಅಂದು ಏರಿಸಿದರು: "ಅಕ್ಕಾ, ನೀ ಪುಸ್ತಕಾ ಆರಸಾಕತ್ತೀಯೋ, ಮಗನಿಗಿ ಹೆಣ್ಣ ನೋಡಾಕತ್ತೀಯೋ? ಎಲ್ಲಾದಕ್ಕೂ ಒಂದ ಕೊಂಕ! ತೇರದಾಳದ ಗಾಡಿ ನೆನಪೈತೋ ಇಲ್ಲೋ?"

ಅಕ್ಕನ ಮುಖ ಸಣ್ಣದಾಯಿತು. "ನೆನಪೈತಿ" ಎಂದಳು. ಅಷ್ಟೇ. ಆಮೇಲೆ ಹಿತ್ತಲಿಗೆ ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತಿಕ್ಕಿದಳು. ತೇರದಾಳದಲ್ಲಿ ಅವಳನ್ನು ಯಾರೂ ಹೊಡೆದಿರಲಿಲ್ಲ, ಬೈದಿರಲಿಲ್ಲ. ಆದರೆ ಅಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ರೊಟ್ಟಿ ಬೇಕಾದಾಗ "ಏ" ಎನ್ನುತ್ತಿದ್ದರು. ಇದನ್ನು ಅವಳು ನನಗೊಬ್ಬಳಿಗೇ ಹೇಳಿದ್ದಳು.

ಅಂಥ ಸಮಯದಲ್ಲಿ ಬಂತು ಮುಧೋಳದ ಪುಸ್ತಕ!

ಮುಧೋಳದಲ್ಲಿ ನಮ್ಮ ಮನೆಯವರ ಸೋದರಮಾವ ಇದ್ದರು. ಯಾರೋ ಹಳೆಯ ಸರದಾರರ ವಾಡೆ ಖಾಲಿ ಮಾಡುವಾಗ ಬಿಸಾಡಿದ ಮರಾಠಿ ಪುಸ್ತಕಗಳನ್ನು ಗಂಟು ಕಟ್ಟಿಸಿ ಕಳಿಸಿದ್ದರು. "ನಿಮ್ಮ ಮನ್ಯಾಗ ಪುಸ್ತಕದ ಬರಗಾಲ ಐತಂತಲ್ಲ" ಎಂದು ಹೇಳಿಕಳಿಸಿದ್ದರು. ಅವುಗಳಲ್ಲಿ ಒಂದಕ್ಕೆ ರಟ್ಟು ಇರಲಿಲ್ಲ, ಮೊದಲ ಹಾಳೆಗಳೂ ಇರಲಿಲ್ಲ. ಬೇರೆ ಯಾರಾದರೂ ಒಲೆಗೆ ಹಾಕುತ್ತಿದ್ದರು. ಅಕ್ಕನಿಗೆ ಮೊದಲ ಹಾಳೆಗಳಿದ್ದರೆಷ್ಟು, ಬಿಟ್ಟರೆಷ್ಟು? ಹೆಬ್ಬೆರಳು ಹಾಕಿದಳು. ನಾನು ಓದಿದೆ:

"ಹೆರುವ ಹೊತ್ತು ಹತ್ತಿರ ಬಂದಾಗ ತಾಯಿಗೆ ಏಕಾಂತ ಬೇಕು. ಸುತ್ತ ಗದ್ದಲ ಮಾಡುವವರನ್ನು ಹೊರಗೆ ಕಳಿಸಿರಿ. ನಂಬಿಕೆಯ ಒಬ್ಬರೇ ಹತ್ತಿರ ಇರಲಿ. ಮೆಲ್ಲಗೆ ಮಾತಾಡಲಿ, ತಲೆ ಸವರಲಿ. ಅವಸರ ಮಾಡಬೇಡಿರಿ."

ನಾನು ತಲೆ ಎತ್ತಿದೆ. ಅಕ್ಕ ಗೋಡೆ ನೋಡುತ್ತಿದ್ದಳು. ನನ್ನ ಆ ಕೋಣೆ, ಆ ಹೆಂಗಸರು, ಆ ಗದ್ದಲ ಇಬ್ಬರ ಕಣ್ಣಿಗೂ ಬಂದಿತ್ತು. ಅವಳು ಪುಸ್ತಕದ ಮೇಲೆ ಕೈ ಇಟ್ಟು, "ಇದು ನೋಡು ಒಡಲಂದ್ರ" ಎಂದಳು.

ಹೀಗೆ ಒಂದು ಪುಸ್ತಕ ಕೊನೆಗೂ ಪಾಸಾಯಿತು. ಹೆರಿಗೆಯ ಆ ಒಂದೇ ಅಧ್ಯಾಯವನ್ನು ನಾನು ದಿನಾ ಓದಿದೆ, ಅವಳು ದಿನಾ ಕೇಳಿದಳು. ನಡುನಡುವೆ ನನಗೆ ಸಂಶಯ ಬರುತ್ತಿರಲಿಲ್ಲವೆಂದಲ್ಲ. "ನೆಲಕ್ಕೆ ಒಣಹುಲ್ಲು ಹಾಸಿರಿ" ಎಂದಿತ್ತು.

"ಹುಲ್ಲ ಯಾಕ್ರಿ ಅಕ್ಕಾರ?"

"ಬಡವರ ಮನ್ಯಾಗ ಗಾದಿ ಎಲ್ಲೈತಿ? ಬರದಾವ ಹಳ್ಳಿ ತಿರಗ್ಯಾನ."

"ಎಲ್ಲಕ್ಕಿಂತ ದುರ್ಬಲವಾದುದನ್ನು ಮೊದಲು ಮೊಲೆಗೆ ಹಿಡಿಯಿರಿ" ಎಂದಿತ್ತು.

"ಎಲ್ಲಕ್ಕಿಂತ ಅಂದ್ರ ಎಷ್ಟ ಕೂಸರಿ?"

"ಅವಳಿ ಜವಳಿ ಹುಟ್ಟೂದಿಲ್ಲೇನ? ಓದ ಮುಂದ."

ಡಾಕ್ಟರಬಾಯಿಗೆ ಒಮ್ಮೆ ತೋರಿಸೋಣ ಎಂದರೆ, "ಬ್ಯಾಡಬೇ, ಛಲೋ ಐತಿ ಅಂತ ಅವರs ಇಟಗೊಂಡಾರು!" ಎಂದು ಅಕ್ಕಿಯ ಮಡಕೆಯಲ್ಲಿ ಮುಚ್ಚಿಟ್ಟಳು.

ಆ ಅಧ್ಯಾಯದ ಕೊನೆಯಲ್ಲಿ ಎರಡು ಹಾಳೆ ಒಂದಕ್ಕೊಂದು ಅಂಟಿಕೊಂಡಿದ್ದವು. ಬಾಣಂತನದ ಮುಖ್ಯ ಮಾತು ಅಲ್ಲಿಯೇ ಇರಬೇಕೆಂದು ಅಕ್ಕನಿಗೆ ಚಿಂತೆ. ಒಂದು ಮಧ್ಯಾಹ್ನ ನಾನು ಕುದಿಯುವ ನೀರಿನ ಆವಿಗೆ ಹಿಡಿದು ಮೆಲ್ಲಗೆ ಬಿಡಿಸಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. "ಓದು" ಎಂದಳು. ಓದಿದೆ:

"ಹೆತ್ತ ಮೇಲೆ ಮೈಯಲ್ಲಿ ಪೂರ್ತಿ ಶಕ್ತಿ ಬರುವವರೆಗೆ ಮೊಲದ ಬೇಟೆಗೆ ಕರೆದೊಯ್ಯಬಾರದು."

ರೊಟ್ಟಿಯ ಸಪ್ಪಳ ನಿಂತಿತು.

"ಏನಂದಿ?"

"ಮೊಲದ ಬ್ಯಾಟಿಗಿ... ಕರಕೊಂಡ ಹೋಗಬಾರದಂತ್ರಿ."

"ಯಾರನ್ನ?"

ನಾನು ಕೆಳಗೆ ಕಣ್ಣಾಡಿಸಿದೆ. ಹಾಳೆಯ ಕೆಳಗೆ ಒಂದು ಚಿತ್ರವಿತ್ತು. ಉದ್ದ ಕಾಲು, ಸಣ್ಣ ನಡು, ಚೂಪು ಮೂತಿ, ಹೊಟ್ಟೆಯ ಕೆಳಗೆ ಸಾಲಾಗಿ ಮರಿಗಳು. ಮುಧೋಳದ ಬೇಟೆನಾಯಿ!

ಸರದಾರರ ಮನೆಯ ನಾಯಿ ಸಾಕುವ ಪುಸ್ತಕ ಅದು. ವಾರಗಟ್ಟಲೆ ನಾವಿಬ್ಬರೂ ನಾಯಿಯ ಬಾಣಂತನ ಓದಿದ್ದೆವು! ನಾನು ಪುಸ್ತಕವನ್ನು ಅವಳತ್ತ ತಿರುಗಿಸಿ ಹಿಡಿದೆ. ಅಕ್ಕ ಹಿಟ್ಟಿನ ಕೈಯಲ್ಲೇ ಅದನ್ನು ನೋಡಿದಳು. ಅಳುತ್ತಾಳೆಂದುಕೊಂಡೆ, ಪರೀಕ್ಷೆ ಅಷ್ಟು ಹತ್ತಿರ ಬಂದಿತ್ತು. ಅವಳ ಭುಜ ಅಲುಗಿತು. ಆಮೇಲೆ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತು ನಗತೊಡಗಿದಳು. "ಏನ ಛಲೋ ಬರದಾನಬೇ... ನಾಯೀಗಿ!" ನಾನೂ ನಕ್ಕೆ. ಕೂಸು ಹೋದ ಮೇಲೆ ನಾನು ಹಾಗೆ ನಕ್ಕಿದ್ದು ಅದೇ ಮೊದಲು. ನಗುತ್ತಿದ್ದ ಹಾಗೆಯೇ ಅದು ಅಳುವಾಯಿತು, ಇಬ್ಬರದೂ. ನಮ್ಮ ಮನೆಯವರು ಅಂಗಡಿಯಿಂದ ಓಡಿಬಂದು, "ಯಾರ ಹೋದ್ರು?" ಎಂದು ಕೇಳಿದರು. ರೊಟ್ಟಿ ಹೊತ್ತಿ ಮನೆಯೆಲ್ಲ ಹೊಗೆ.

ಆಮೇಲೆ ಆದದ್ದು ಇಷ್ಟೇ. ಅಕ್ಕ ಕಣ್ಣೊರೆಸಿಕೊಂಡು, ಮೂಲೆಗೆ ಕೂಡಿಸಿದ್ದ ಪ್ರಶ್ನೋತ್ತರದ ಪುಸ್ತಕವನ್ನು ತಾನೇ ಹುಡುಕಿ ತಂದಳು. "ಇದ್ದದ್ದು ಸೆರಗೊಂದs. ಅದನ್ನs ಉಟಗೊಂಡ ಹೋಗೂಣು" ಎಂದಳು. ಡಾಕ್ಟರಬಾಯಿಯ ಮನೆಗೆ ಹೋಗಿ ಕರುಳು ಎಲ್ಲಿದೆಯೆಂದು ಕೇಳಿ ಕಲಿತುಬಂದಳು. ಅರಮನೆಯ ಬಾಣಂತಿಗೆ ತುಪ್ಪ, ಹಣ್ಣು ಕೊಡುವುದನ್ನೂ ಬಾಯಿಪಾಠ ಮಾಡಿದಳು. ಎಲ್ಲ ಫೇಲಾದ ಪುಸ್ತಕಗಳೂ ಮತ್ತೆ ಪಡಸಾಲೆಗೆ ಬಂದವು. ನಾಯಿಯ ಪುಸ್ತಕವನ್ನು ಮಾತ್ರ ಬಿಡಲಿಲ್ಲ. "ಪಾಸಾದದ್ದನ್ನ ಹೊಳ್ಳಿ ಫೇಲ ಮಾಡಾಕ ಬರೂದಿಲ್ಲ" ಎಂದಳು.

ಕುಡಚಿ ಸ್ಟೇಶನ್ನಿನಿಂದ ಅಕ್ಕ-ತಮ್ಮ ಪುಣೆಯ ಗಾಡಿ ಹತ್ತಿದರು. ನಾನು ತಿದ್ದಿಸಿದ ಮರಾಠಿ ಅಕ್ಷರಗಳಲ್ಲಿ ಬರೆಯುವ ಪರೀಕ್ಷೆ ಹೇಗೋ ಮುಗಿಯಿತಂತೆ. ಬಾಯಿಪರೀಕ್ಷೆಯಲ್ಲಿ ಬಿಳಿ ಮೀಸೆಯ ಸಾಹೇಬರೊಬ್ಬರು ಮರಾಠಿಯಲ್ಲಿ ಕೇಳಿದರಂತೆ: "ಹೆರಿಗೆಯ ಕೋಣೆಗೆ ಹೋದ ಕೂಡಲೇ ಮೊದಲು ಏನು ಮಾಡುತ್ತೀ?" ಉತ್ತರ ಪ್ರಶ್ನೋತ್ತರದಲ್ಲಿತ್ತು: ಕೈ ತೊಳೆಯುತ್ತೇನೆ. ನಮ್ಮ ಅಕ್ಕನಿಗೆ ಆ ಹೊತ್ತಿಗೆ ಎಲ್ಲ ಮರೆತುಹೋಗಿ, "ಗದ್ದಲ ಮಾಡುವವರನ್ನು ಹೊರಗೆ ಹಾಕುತ್ತೇನೆ. ಆಮೇಲೆ ಕೈ ತೊಳೆಯುತ್ತೇನೆ. ಆಮೇಲೆ ಅವಳ ತಲೆ ಸವರುತ್ತೇನೆ" ಎಂದುಬಿಟ್ಟಳು. ಸಾಹೇಬರು ಲೇಖಣಿ ಕೆಳಗಿಟ್ಟು, ಇದನ್ನು ಯಾವ ಪುಸ್ತಕದಲ್ಲಿ ಓದಿದೆ ಎಂದು ಕೇಳಿದರಂತೆ.

"ಮುಧೋಳದ್ದರಿ."

"ಆ ಪುಸ್ತಕ ನಾನು ನೋಡಿಲ್ಲ."

"ಭಾಳ ಛಲೋ ಐತ್ರಿ ಸಾಹೇಬರ" ಎಂದು ಗಾಬರಿಯಲ್ಲಿ ಕನ್ನಡದಲ್ಲೇ ಹೇಳಿ ಎದ್ದು ಬಂದಳಂತೆ!

ಪಾಸಾದಳು. ಸನದು ಬಂತು. ಭಾವ ಗಾಡಿ ಕಟ್ಟಿಕೊಂಡು ಬಂದು, ಸುದ್ದಿ ಕೇಳಿ, ಕಟ್ಟೆಯ ಮೇಲೆ ಕೂತು ನೀರು ಕುಡಿದರು. "ಪುಣೆ ಮಂದಿಗಿ ಏನ ತಿಳೀತೈತಿ" ಎಂದರು. ಕೊಟ್ಟ ಮಾತಿಗೆ ಮಾತ್ರ ತಪ್ಪಲಿಲ್ಲ. ಹೋಗುವಾಗ ಅಕ್ಕ ಅವರ ತಾಯಿಗೆಂದು ಬೆನ್ನಹುಣ್ಣಿಗೆ ಹಚ್ಚುವ ಔಷಧ ಕೊಟ್ಟು, ಹೇಗೆ ಮಗ್ಗಲು ಬದಲಿಸಬೇಕೆಂದು ಅವರನ್ನೇ ಚಾಪೆಯ ಮೇಲೆ ಮಲಗಿಸಿ ತೋರಿಸಿದಳು. ತೇರದಾಳದ ಗೌಡರಂಥ ಮನುಷ್ಯ ನಮ್ಮ ಪಡಸಾಲೆಯಲ್ಲಿ ಅತ್ತ ಇತ್ತ ಹೊರಳಿದ್ದನ್ನು ಓಣಿಯೆಲ್ಲ ನೋಡಿತು.

ಮುಂದೆ ನನಗೆ ಮಗಳು ಹುಟ್ಟಿದಳು. ಅಕ್ಕನೇ ಹೆರಿಗೆ ಮಾಡಿಸಿದಳು. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಅವಳ ಕೈ ನನ್ನ ತಲೆಯ ಮೇಲಿತ್ತು. ಇದಕ್ಕಿಂತ ಹೆಚ್ಚು ಇದನ್ನೂ ಬರೆಯಲಾರೆ.

ಕಳೆದ ಬೇಸಿಗೆಯಲ್ಲಿ ಬೀಳಗಿ ಕಡೆಯ ಹಳ್ಳಿಗಳಲ್ಲಿ ವಾಂತಿಭೇದಿ ಬಿತ್ತು. ಸಂಸ್ಥಾನ ಹೋಗಿ ಹೊಸ ಸರಕಾರ ಬರುತ್ತಿದ್ದ ದಿನಗಳು. ಯಾರು ಯಾರಿಗೆ ಹೇಳಬೇಕೆಂಬುದೇ ಯಾರಿಗೂ ಗೊತ್ತಿರಲಿಲ್ಲ. ಅಕ್ಕ ಯಾರ ಅಪ್ಪಣೆಗೂ ಕಾಯದೆ ಹೋದಳು. ಅಲ್ಲಿಂದ ಬಂದಾಗ ಅವಳೇ ರೋಗಿ. ಬಂದ ಮೇಲೆ ಬಹಳ ದಿನ ಉಳಿಯಲಿಲ್ಲ.

ಸುದ್ದಿ ತೇರದಾಳಕ್ಕೆ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಗಾಡಿ ಬಂದು ನಮ್ಮ ಬಾಗಿಲಲ್ಲಿ ನಿಂತಿತು. ಭಾವ ಈಗ ಮುದುಕರು. ಗಾಡಿಯಲ್ಲಿ ಹುಲ್ಲು ಹರಡಿ, ಅದರ ಮೇಲೆ ಹೊಸ ಜಮಖಾನೆ ಹಾಸಿಕೊಂಡು ಬಂದಿದ್ದರು. ಒಳಗೆ ಬರಲಿಲ್ಲ. ಎತ್ತಿನ ಹಗ್ಗ ಹಿಡಿದುಕೊಂಡೇ ಹೇಳಿದರು:

"ನಮ್ಮ ಮನಿ ಸೊಸಿ. ಮಣ್ಣ ನಮ್ಮ ಊರಾಗ, ನನ್ನ ತಮ್ಮನ ಬಾಜೂಕ ಆಗಬೇಕು. ಕಳಸ್ರಿ."

ಅಂಗಳ ತುಂಬ ಜನರಿದ್ದರು. ರೂಢಿಯ ಪ್ರಕಾರ ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನು ಅಕ್ಕನ ಕಾಲ ಬಳಿ ಕೂತಿದ್ದೆ. ನಮ್ಮ ಮನೆಯವರು ಹೊಸ್ತಿಲು ದಾಟಿ ಹೋಗಿ, ಭಾವನ ಮುಂದೆ ಕೈ ಜೋಡಿಸಿ ನಿಂತರು.

"ಬೀಗರ," ಎಂದರು, "ಅಕ್ಕ ಪಾಸಾಗಿದ್ಲಲ್ರೀ."

ಭಾವ ಗಾಡಿಯಲ್ಲಿ ಹಾಸಿದ್ದ ಜಮಖಾನೆಯನ್ನು ಒಮ್ಮೆ ನೋಡಿದರು. ಆಮೇಲೆ ಎತ್ತುಗಳನ್ನು ನೊಗದಿಂದ ಬಿಚ್ಚಿ ಬೇವಿನ ಮರಕ್ಕೆ ಕಟ್ಟಿದರು. ಮೆಟ್ಟಿದ್ದ ಕಾಲ್ಮರಿ ಕಳಚಿದರು. ರುಮಾಲು ತೆಗೆದು ಬಗಲಿಗೆ ಇಟ್ಟುಕೊಂಡು ಹೊಸ್ತಿಲಿಗೆ ಬಂದರು.

"ಹಂಗಾದ್ರ," ಎಂದರು, "ಹೆಗಲರ ಕೊಡಾಕ ಬಿಡ್ರಿ."

ಹೊರುವಾಗ ಮುಂದಿನ ಬಲಗಡೆಯ ಹೆಗಲು ನಮ್ಮಲ್ಲಿ ಒಡಹುಟ್ಟಿದವರದು. ನಮ್ಮ ಮನೆಯವರು ಒಂದು ಹೆಜ್ಜೆ ಹಿಂದೆ ಸರಿದು, ಆ ಜಾಗ ಬಿಟ್ಟುಕೊಟ್ಟರು.